ಒಂದೇ ಅಂಕಿಯನ್ನು ನಂಬಿ ಹೆದ್ದಾರಿ ಹಾಕಬಾರದು

ಕೇಳುಗರಿಗೆ ನಮಸ್ಕಾರ.

ಪಣಂಬೂರಿನ ನವಮಂಗಳೂರು ಬಂದರನ್ನು 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರು ಎಂದು ಘೋಷಿಸಿದರು. ಆಗ ಎಲ್ಲರ ಕಣ್ಣು ಕುದುರೆಮುಖದ ಅದಿರಿನ ಮೇಲಿತ್ತು. 1975ರಲ್ಲಿ ಇರಾನಿನ ಜತೆ ಒಪ್ಪಂದವಾಯಿತು. ಅದಿರನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ ಘಟ್ಟದಿಂದ ಪಣಂಬೂರಿಗೆ ಇಳಿಸಲು 67 ಕಿಲೋಮೀಟರ್ ಕೊಳವೆ ಹಾಕಿದರು. ಅಷ್ಟರಲ್ಲಿ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಗೊತ್ತುಮಾಡಿಕೊಂಡಿದ್ದ ಗಿರಾಕಿಯೇ ಇಲ್ಲವಾದ. ಬೇರೆ ದೇಶಗಳಿಗೆ ಅದಿರು ಮಾರಿ ಕಾರ್ಖಾನೆ ನಡೆಯಿತು. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿಯೇ ನಿಂತಿತು.

ಬಂದರು ಮಾತ್ರ ನಿಲ್ಲಲಿಲ್ಲ. ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕಕ್ಕೆ ಕಚ್ಚಾ ತೈಲ ಬಂತು, ಅಡುಗೆ ಅನಿಲ ಬಂತು, ಪಡುಬಿದ್ರಿಯ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಬಂತು, ಕಾಫಿ ಗೋಡಂಬಿಯ ಕಂಟೇನರ್‌ಗಳು ಹೊರಟವು. ಹಡಗು ಬರುವ ಕಾಲುವೆ, ದಕ್ಕೆ, ಹಿಂದಿನ ಖಾಲಿ ಜಾಗ ಇವು ಯಾವ ಸರಕಿಗೂ ಆಗುತ್ತವೆ. ಅದಿರಿನ ಕೊಳವೆಯಲ್ಲಿ ಅದಿರು ಬಿಟ್ಟು ಬೇರೇನೂ ಹೋಗದು. ದೂರದ ಭವಿಷ್ಯಕ್ಕೆ ರಸ್ತೆ, ರೈಲು ಯೋಜಿಸುವವರು ಮೊದಲು ನೋಡಬೇಕಾದ್ದು ಈ ವ್ಯತ್ಯಾಸವನ್ನು. ಇವತ್ತು ನಾನು ಮಾತಾಡುವುದು ನಮ್ಮ ಕರಾವಳಿಯಿಂದ ಘಟ್ಟದ ಮೇಲಕ್ಕೆ ಹೋಗುವ ಸಾರಿಗೆ ಕಾರಿಡಾರ್‌ಗಳ ಬಗ್ಗೆ, ಅವುಗಳನ್ನು 20, 25 ವರ್ಷದ ಮುಂದಾಲೋಚನೆಯಲ್ಲಿ ಹೇಗೆ ಯೋಜಿಸಬೇಕು ಎಂಬುದರ ಬಗ್ಗೆ.

ಕಾರಿಡಾರ್ ಎಂದರೆ ಒಂದು ರಸ್ತೆಯಲ್ಲ. ಬೆಂಗಳೂರಿಗೆ ಶಿರಾಡಿ ಘಾಟಿಯ ರಾಷ್ಟ್ರೀಯ ಹೆದ್ದಾರಿ 75, ಮೂಡಿಗೆರೆ ಕಡೆಗೆ ಚಾರ್ಮಾಡಿಯ 73, ಮಡಿಕೇರಿಗೆ ಸಂಪಾಜೆಯ 275, ಉಡುಪಿಯಿಂದ ಆಗುಂಬೆ ಹತ್ತುವ 169ಎ, ಇವುಗಳ ನಡುವೆ ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ 55 ಕಿಲೋಮೀಟರಿನಲ್ಲಿ 57 ಸುರಂಗ ಹಾದುಹೋಗುವ ರೈಲು ದಾರಿ. ನೆಲದಡಿಯಲ್ಲಿ ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಹೋಗುವ ತೈಲದ ಪೈಪ್‌ಲೈನ್ ಇದೆ. ಇಷ್ಟೂ ಸೇರಿ ಒಂದು ಕಾರಿಡಾರ್. ಪೈಪಿನಲ್ಲಿ ಹೋಗುವ ಪ್ರತಿ ಲೀಟರ್ ಡೀಸೆಲ್ ಘಾಟಿಯ ತಿರುವಿನಲ್ಲಿ ಟ್ಯಾಂಕರ್ ಆಗಿ ನಿಲ್ಲುವುದಿಲ್ಲ. ಹಾಗಾಗಿ ರಸ್ತೆಯೊಂದನ್ನೇ ನೋಡಿ ಬರೆದ ಮುನ್ನೋಟ ಶುರುವಿನಲ್ಲೇ ತಪ್ಪುತ್ತದೆ.

ಮುನ್ನೋಟದ ಬುಡ ವಾಹನ ಎಣಿಕೆ. ಏಳು ದಿನ, ಹಗಲೂ ರಾತ್ರಿ, ಬಗೆಬಗೆಯ ವಾಹನಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ. ಅವನ್ನು ಪಿಸಿಯು, ಅಂದರೆ ಎಷ್ಟು ಕಾರಿಗೆ ಸಮ ಎಂಬ ಒಂದು ಅಳತೆಗೆ ತರುತ್ತಾರೆ. ಕಾರು 1, ದ್ವಿಚಕ್ರ ವಾಹನ ಅರ್ಧ, ಬಸ್ಸು ಮತ್ತು ಲಾರಿ 3, ಟ್ರೇಲರ್ 4.5. ವಾರ ಯಾವುದು ಎಂಬುದು ನಮ್ಮಲ್ಲಿ ಬಹಳ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಜುಲೈಯಲ್ಲಿ ಮಲ್ಪೆ ರಸ್ತೆಯಲ್ಲಿ ಎಣಿಸಿದರೆ ಮೀನಿನ ಲಾರಿಗಳೇ ಕಾಣುವುದಿಲ್ಲ. ಮೇ ತಿಂಗಳ ರಜೆಯಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯದ ದಾರಿಯಲ್ಲಿ ಎಣಿಸಿದರೆ ಲೆಕ್ಕ ಉಬ್ಬುತ್ತದೆ. ಸಮ ವರ್ಷದ ಜನವರಿಯ ನಡುವೆ ಉಡುಪಿಯಲ್ಲಿ ಎಣಿಸಿದರೆ ಕೃಷ್ಣಮಠದ ಪರ್ಯಾಯ ಉತ್ಸವದ ಜನಸಂದಣಿ ಸೇರಿಕೊಳ್ಳುತ್ತದೆ. ಈಗ ಫಾಸ್ಟ್ಯಾಗ್‌ನಿಂದ ಹೆಜಮಾಡಿ, ಸಾಸ್ತಾನದಂಥ ಟೋಲ್‌ಗಳಲ್ಲಿ 365 ದಿನದ ಲೆಕ್ಕವೂ ಸಿಗುತ್ತದೆ. ಏಳು ದಿನದ ಎಣಿಕೆಯನ್ನು ಅದರ ಜತೆ ತಾಳೆ ನೋಡದೆ ಬಿಡಬಾರದು. ಆದರೆ ಟೋಲ್ ದಾಟದೆ ಓಡಾಡುವ ಸ್ಥಳೀಯ ವಾಹನಗಳು ಫಾಸ್ಟ್ಯಾಗ್ ಲೆಕ್ಕಕ್ಕೆ ಸಿಗವು. ಎರಡೂ ಬೇಕು.

ಇನ್ನು ಬೆಳವಣಿಗೆಯ ದರ. ಇಲ್ಲಿಯೇ ಎಲ್ಲ ಕೈ ತಪ್ಪುವುದು. ಇವತ್ತು ದಿನಕ್ಕೆ 20,000 ಪಿಸಿಯು ಇರುವ ರಸ್ತೆ ಎಂದುಕೊಳ್ಳೋಣ. ವರ್ಷಕ್ಕೆ ಶೇಕಡ 3ರಂತೆ ಬೆಳೆದರೆ 20 ವರ್ಷಕ್ಕೆ ಸುಮಾರು 36,000. ಶೇಕಡ 5 ಆದರೆ 53,000. ಏಳೂವರೆ ಆದರೆ 85,000. ಚತುಷ್ಪಥ ರಸ್ತೆ ಸಮತಟ್ಟಿನಲ್ಲಿ ಸರಾಗವಾಗಿ ಹೊರುವುದು ದಿನಕ್ಕೆ ಸುಮಾರು 40,000. ಅಂದರೆ ಮೊದಲನೇ ದರ ಹಿಡಿದರೆ ನಾಲ್ಕು ಪಥ ಧಾರಾಳ ಸಾಕು, ಮೂರನೆಯದನ್ನು ಹಿಡಿದರೆ ಆರು ಪಥವೂ ಇಕ್ಕಟ್ಟು. ಮೂರು ದರಗಳಲ್ಲಿ ಯಾವುದೂ ಅಸಂಭವವಲ್ಲ. ವರದಿಗಳಲ್ಲಿ ಮಾತ್ರ ಶೇಕಡ 5 ಎಂದು ಒಂದೇ ಸಾಲು ಬರೆದು ಮುಂದೆ ಹೋಗುತ್ತಾರೆ. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲಿವ್‌ಬರ್ಗ್ ಮತ್ತು ಜತೆಗಾರರು 14 ದೇಶಗಳ 210 ಯೋಜನೆಗಳನ್ನು ನೋಡಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ರಸ್ತೆ ಯೋಜನೆಗಳಲ್ಲಿ ಅರ್ಧದಷ್ಟರ ಮುನ್ನೋಟ ಶೇಕಡ 20ಕ್ಕಿಂತ ಜಾಸ್ತಿ ತಪ್ಪಿತ್ತು. ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ. ರೈಲಿನಲ್ಲಿ ಪ್ರಯಾಣಿಕರ ಸಂಖ್ಯೆಯನ್ನು ಸರಾಸರಿ ಎರಡು ಪಟ್ಟಿಗೂ ಮೀರಿ ಊಹಿಸಿದ್ದರು.

ಕಾನೂನು ಕೂಡ ಲೆಕ್ಕವನ್ನು ಬುಡಮೇಲು ಮಾಡಬಲ್ಲದು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಲಾರಿಯ ನಾಲ್ಕು ಚಕ್ರದ ಒಂಟಿ ಆಕ್ಸಲ್, ಅಂದರೆ ಗಾಲಿಯ ಅಚ್ಚಿನ ಮೇಲಿನ ಭಾರದ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಕೇಳಲು ಚಿಕ್ಕ ಏರಿಕೆ. ಆದರೆ ರಸ್ತೆಗೆ ಆಗುವ ಪೆಟ್ಟು ಭಾರದ ನಾಲ್ಕನೇ ಘಾತದಲ್ಲಿ ಹೆಚ್ಚುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ. ಪೂರ್ತಿ ಮಿತಿಯಷ್ಟು ಹೊತ್ತ ಆಕ್ಸಲ್ ಈಗ ಸುಮಾರು ಶೇಕಡ 60ರಷ್ಟು ಹೆಚ್ಚು ಪೆಟ್ಟು ಕೊಡುತ್ತದೆ. ಒಂದು ಅಧಿಸೂಚನೆಯಿಂದ ಡಾಂಬರಿನ ಆಯುಷ್ಯ ಬದಲಾಯಿತು.

ಹಾಗಾದರೆ ಮಾಡುವುದೇನು? ಒಂದೇ ಭವಿಷ್ಯ ಬರೆಯುವ ಬದಲು ಮೂರೋ ನಾಲ್ಕೋ ಬರೆಯಬೇಕು. ನಮ್ಮ ಜಿಲ್ಲೆಗಳಿಗೆ ದೊಡ್ಡ ಅನಿಶ್ಚಿತತೆಗಳು ಯಾವುವು? ಬಂದರಿನ ಸರಕು ಒಂದು. ಕಲ್ಲಿದ್ದಲು, ಕಚ್ಚಾ ತೈಲ ಕಡಿಮೆಯಾಗಿ ಕಂಟೇನರ್ ಹೆಚ್ಚಾದರೆ ಕೊಳವೆಯ, ರೈಲಿನ ಕೆಲಸ ಲಾರಿಗೆ ಬರುತ್ತದೆ. ಮಳೆ ಇನ್ನೊಂದು. ನಮ್ಮ ಯುವಜನ ಊರಲ್ಲೇ ಕೆಲಸಕ್ಕೆ ನಿಲ್ಲುತ್ತಾರೋ ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋಗುತ್ತಾರೋ ಎಂಬುದು ಮತ್ತೊಂದು. ಈ ಒಂದೊಂದು ಭವಿಷ್ಯದಲ್ಲೂ ಪ್ರತಿ ಆಯ್ಕೆಯನ್ನು ಓಡಿಸಿ ನೋಡಬೇಕು. ಯಾವ ಭವಿಷ್ಯ ಬಂದೀತು ಎಂದು ಪಣ ಕಟ್ಟುವುದಲ್ಲ, ಯಾವುದು ಬಂದರೂ ಮುಳುಗದ ಆಯ್ಕೆ ಯಾವುದು ಎಂದು ಹುಡುಕುವುದು.

ಮಾದರಿಗೆ ಒಂದು ಲೆಕ್ಕ ಹೇಳುತ್ತೇನೆ, ಅಂಕಿಗಳು ಬರೀ ಉದಾಹರಣೆಗೆ. ಈಗಲೇ ಆರು ಪಥ ಮಾಡಿದರೆ 1,000 ಕೋಟಿ. ನಾಲ್ಕು ಪಥ ಮಾತ್ರ, ಹೆಚ್ಚುವರಿ ಜಾಗ ಇಲ್ಲ ಎಂದರೆ 500 ಕೋಟಿ, ಆದರೆ ಮುಂದೆ ಅಗಲ ಮಾಡಬೇಕಾದರೆ ಅಕ್ಕಪಕ್ಕದ ಕಟ್ಟಡ ಒಡೆದು ಮತ್ತೆ 1,100 ಕೋಟಿ. ಮೂರನೆಯದು, ನಾಲ್ಕು ಪಥ ಹಾಕಿ ಆರು ಪಥದ ಜಾಗ ಈಗಲೇ ತೆಗೆದಿಡುವುದು: 600 ಕೋಟಿ, ಮುಂದೆ ಬೇಕಾದರೆ 550. ವಾಹನ ಹೆಚ್ಚಾದರೆ ಮೊದಲನೆಯದೇ ಅಗ್ಗ. ಮೂರನೆಯದಕ್ಕೆ 150 ಕೋಟಿ ಹೆಚ್ಚು ಬೀಳುತ್ತದೆ, ಎರಡನೆಯದಕ್ಕೆ 600. ವಾಹನ ಹೆಚ್ಚಾಗದಿದ್ದರೆ ಎರಡನೆಯದೇ ಅಗ್ಗ. ಆಗ ಮೂರನೆಯದಕ್ಕೆ 100 ಕೋಟಿ, ಮೊದಲನೆಯದಕ್ಕೆ 500 ಕೋಟಿ ದಂಡ. ಕೆಟ್ಟದ್ದೇ ಬಂದರೂ ಮೂರನೆಯದರ ನಷ್ಟ 150 ಕೋಟಿ ದಾಟದು. ಅದು ಯಾವ ಭವಿಷ್ಯದಲ್ಲೂ ಎಲ್ಲಕ್ಕಿಂತ ಅಗ್ಗವಲ್ಲ. ಆದರೂ ಆರಿಸಬೇಕಾದ್ದು ಅದನ್ನೇ.

ಜಾಗದ ವಿಷಯದಲ್ಲಿ ನಾನು ಒತ್ತಿ ಹೇಳಬೇಕು. ಕರಾವಳಿಯಲ್ಲಿ ಸಮುದ್ರಕ್ಕೂ ಗುಡ್ಡಕ್ಕೂ ನಡುವೆ ಇರುವುದು ಕಿರಿದಾದ ಪಟ್ಟಿ. ಮರವಂತೆಯಲ್ಲಂತೂ ಹೆದ್ದಾರಿ 66ರ ಒಂದು ಬದಿ ಅಲೆ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಬಿಟ್ಟ ಜಾಗ ಮತ್ತೆ ಸಿಗುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಡಿ ಪರಿಹಾರ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೂ ಹೋಗಬಹುದು, ಮಾರುಕಟ್ಟೆ ಬೆಲೆಯೋ ಹೆದ್ದಾರಿ ಬಂದ ಮೇಲೆ ಏರುವಂಥದ್ದು. ತಕ್ಷಣ ಕೊಳ್ಳಲು ಹಣವಿಲ್ಲದಿದ್ದರೂ ಬಳಸಬಹುದಾದ ಸಾಧನ ಒಂದಿದೆ. 1964ರ ಕರ್ನಾಟಕ ಹೆದ್ದಾರಿ ಕಾಯ್ದೆ ಕಟ್ಟಡ ರೇಖೆ, ನಿಯಂತ್ರಣ ರೇಖೆ ಎಂದು ಎರಡು ಗೆರೆ ಎಳೆಯಲು ಅವಕಾಶ ಕೊಡುತ್ತದೆ. ಕಟ್ಟಡ ರೇಖೆಯೊಳಗೆ ಕಟ್ಟಲು ತಡೆ, ಅದರಾಚೆ ನಿಯಂತ್ರಣ ರೇಖೆಯವರೆಗೆ ಕಟ್ಟಲು ನಿಯಂತ್ರಣ. ಊರ ಹೊರಗಿನ ಬಯಲಿನಲ್ಲಿ ಎರಡೂ ಬದಿಯ ಕಟ್ಟಡ ರೇಖೆಗಳ ನಡುವೆ 80 ಮೀಟರ್, ನಿಯಂತ್ರಣ ರೇಖೆಗಳ ನಡುವೆ 150 ಮೀಟರ್ ಇರಬೇಕೆಂಬುದು ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡ. ಪಂಚಾಯತ್ ಲೈಸೆನ್ಸ್ ಕೊಡುವಾಗ ಈ ಗೆರೆಗಳನ್ನು ನೋಡಿದರೆ ಸಾಕು, ಮುಂದೆ ಒಡೆಯುವ ಕೆಲಸ ಬಹಳ ಕಡಿಮೆಯಾಗುತ್ತದೆ. ಹೊಸ ಮನೆ ಕಟ್ಟಿದವರ ಕಣ್ಣೀರೂ ತಪ್ಪುತ್ತದೆ.

ಗುಡ್ಡ ಕಡಿಯುವಲ್ಲಿ ಜಾಗ ಇನ್ನೂ ಹೆಚ್ಚು ಬೇಕು. ನಮ್ಮ ನೆಲದಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಬೇಸಿಗೆಯಲ್ಲಿ ಶೇಡಿಯನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದರೂ ನಿಲ್ಲುತ್ತದೆ. ಮಳೆ ನೀರು ಇಳಿದು ಅದು ನೆನೆದರೆ ಬಲ ಕಳೆದುಕೊಂಡು ಜಾರುತ್ತದೆ, ಮೇಲಿನ ಮುರಕಲ್ಲು ಬಂಡೆಬಂಡೆಯಾಗಿ ಬೀಳುತ್ತದೆ. ಜಾಗ ಉಳಿಸಲು ನೆಟ್ಟಗೆ ಕಡಿದಲ್ಲೆಲ್ಲ ಇದೇ ಕಥೆ. 10 ಮೀಟರ್ ಆಳ ಕಡಿದು 45 ಡಿಗ್ರಿ ಇಳಿಜಾರು ಬಿಡಬೇಕಾದರೆ ಪ್ರತಿ ಬದಿಗೆ 10 ಮೀಟರ್ ಹೆಚ್ಚುವರಿ ಅಗಲ ಬೇಕು. ಅದು ನಕ್ಷೆಯಲ್ಲಿ ಮೊದಲೇ ಇರಬೇಕು. ಜತೆಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ತುದಿಯ ಮೇಲ್ಗಡೆ ನೀರು ತಿರುಗಿಸುವ ಚರಂಡಿ, ತಡೆಗೋಡೆಯಲ್ಲಿ ನೀರು ಹೊರಬರುವ ತೂತುಗಳು. ಮೇ ತಿಂಗಳಲ್ಲಿ ಆ ತೂತು, ಆ ಚರಂಡಿ ಕಟ್ಟಿಕೊಂಡಿಲ್ಲವೇ ಎಂದು ನೋಡಲು ಜನ ಇರಬೇಕು.

ಮೋರಿಗಳ ವಿಷಯವೂ ಹೀಗೆಯೇ. 900 ಮಿಲಿಮೀಟರ್ ಪೈಪಿನ ಬದಲು 1,200ರದ್ದು ಹಾಕಿದರೆ, ಅದೇ ಇಳಿಜಾರಿನಲ್ಲಿ ನೀರು ಹೊರುವ ಶಕ್ತಿ ಎರಡು ಪಟ್ಟಿಗೂ ಮೀರುತ್ತದೆ. ರಸ್ತೆ ಹಾಕುವಾಗಲೇ ಹಾಕಿದರೆ ಹೆಚ್ಚುವರಿ ಖರ್ಚು ಅಲ್ಪ, ಆಮೇಲೆ ಹೆದ್ದಾರಿ ಅಗೆದು ಬದಲಿಸುವುದು ದುಬಾರಿ. ಪಥ ಹೆಚ್ಚಿಸುವುದನ್ನು ಮುಂದೂಡಬಹುದು. ಮೋರಿ, ಇಳಿಜಾರು, ಜಾಗ ಇವನ್ನು ಮುಂದೂಡಬಾರದು.

ಘಾಟಿಗಳ ಬಗ್ಗೆ ಯೋಜನೆಗಳಲ್ಲಿ ಒಂದು ಮೂಲ ತಪ್ಪು ನುಸುಳುತ್ತದೆ. ಶಿರಾಡಿ ಮುಚ್ಚಿದರೆ ಚಾರ್ಮಾಡಿ ಇದೆ, ಅದೂ ಮುಚ್ಚಿದರೆ ಸಂಪಾಜೆ ಇದೆ, ರೈಲಿದೆ ಎಂದು ಲೆಕ್ಕ ಹಾಕುತ್ತಾರೆ. 2018ರ ಆಗಸ್ಟ್‌ನಲ್ಲಿ ಶಿರಾಡಿ, ಸಂಪಾಜೆ, ರೈಲು ದಾರಿ ಮೂರೂ ಒಟ್ಟಿಗೆ ಕಡಿದುಹೋದವು. ಮರುವರ್ಷ ಆಗಸ್ಟ್‌ನಲ್ಲಿ ಚಾರ್ಮಾಡಿ ಕುಸಿಯಿತು. 2024ರ ಜುಲೈಯಲ್ಲಿ ಮತ್ತೆ ರೈಲು ದಾರಿಯಲ್ಲಿ ಎಡಕುಮೇರಿಯ ಹತ್ತಿರ ಕುಸಿತ. ಅದೇ ತಿಂಗಳು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆಯೇ ಗುಡ್ಡ ಬಂತು. ಎಲ್ಲಕ್ಕೂ ಮಳೆ ಒಂದೇ, ಘಟ್ಟ ಒಂದೇ. ಹಾಗಾಗಿ ಪರ್ಯಾಯ ದಾರಿ ಎಂದು ನಕ್ಷೆಯಲ್ಲಿ ಕಂಡದ್ದೆಲ್ಲ ಪರ್ಯಾಯವಲ್ಲ. ಒಂದು ಘಾಟಿಗೆ ಇರುವ ಹಣವನ್ನೆಲ್ಲ ಸುರಿದು ಉಳಿದವನ್ನು ಬಿಡುವುದೂ ಅಪಾಯ, ನಾಲ್ಕಕ್ಕೂ ಸ್ವಲ್ಪ ಸ್ವಲ್ಪ ಹಂಚಿ ಯಾವುದೂ ಗಟ್ಟಿಯಾಗದೆ ಇರುವುದೂ ಅಪಾಯ. ನನ್ನ ಅಭಿಪ್ರಾಯದಲ್ಲಿ ಒಂದು ದಾರಿಯನ್ನಾದರೂ ಎಂಥ ಮಳೆಗೂ ಲಾರಿ ಹೋಗುವ ಹಾಗೆ ಭದ್ರ ಮಾಡಬೇಕು. ಉಳಿದವುಗಳಲ್ಲಿ ಅಗಲ ಮಾಡುವ ಆಸೆ ಬಿಟ್ಟು, ಕುಸಿಯುವ ಜಾಗಗಳನ್ನಷ್ಟೇ ಹುಡುಕಿ ರಿಪೇರಿ ಮಾಡಬೇಕು. ಅಗಲ ಮಾಡಲು ಕಡಿದಷ್ಟೂ ಹೊಸ ಕುಸಿತಕ್ಕೆ ದಾರಿ ಮಾಡಿದಂತೆ.

ಕೊನೆಯದಾಗಿ, ಯಾವಾಗ ಮುಂದಿನ ಹಂತಕ್ಕೆ ಹೋಗಬೇಕು? ಅದನ್ನು ಇವತ್ತೇ ಬರೆದಿಡಬೇಕು. ರಸ್ತೆ ತುಂಬಿದ ಮೇಲೆ ಎಚ್ಚರವಾದರೆ ತಡವಾಯಿತು, ಯಾಕೆಂದರೆ ಸರ್ವೆ, ಅರಣ್ಯ ಅನುಮತಿ, ಭೂಸ್ವಾಧೀನ, ಟೆಂಡರ್, ಕಾಮಗಾರಿ ಎಲ್ಲ ಸೇರಿ ಎಂಟು ವರ್ಷ ಹಿಡಿದರೆ ಆಶ್ಚರ್ಯವಿಲ್ಲ. 40,000 ಪಿಸಿಯು ಮುಟ್ಟುವ ಎಂಟು ವರ್ಷ ಮೊದಲು, ಶೇಕಡ 5ರ ಬೆಳವಣಿಗೆಯಲ್ಲಿ, ರಸ್ತೆಯಲ್ಲಿ ಇರುವುದು ಸುಮಾರು 27,000. ಏಳೂವರೆಯಲ್ಲಾದರೆ 22,500ರ ಆಸುಪಾಸು. ಅಂದರೆ ರಸ್ತೆ ಇನ್ನೂ ಸಾಕಷ್ಟು ಖಾಲಿ ಕಾಣುವಾಗಲೇ ಮುಂದಿನ ಹಂತದ ಕಡತ ಹೊರಡಬೇಕು. ಪ್ರತಿ ವರ್ಷ ಟೋಲ್ ಲೆಕ್ಕ, ಬಂದರಿನ ಸರಕಿನ ಬಗೆ, ಪ್ರತಿ ಘಾಟಿ ಎಷ್ಟು ಗಂಟೆ ಮುಚ್ಚಿತ್ತು ಎಂಬ ದಾಖಲೆ, ಈ ಮೂರನ್ನು ಒಂದು ಪುಟದಲ್ಲಿ ಬರೆದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಇಟ್ಟರೆ ಯಾರು ಬೇಕಾದರೂ ನೋಡಬಹುದು.

ದೊಡ್ಡ ಹೆದ್ದಾರಿ ಯೋಜನೆಗೆ ಪರಿಸರ ಅನುಮತಿಯ ಸಾರ್ವಜನಿಕ ಅಹವಾಲು ಸಭೆ ಬೇಕಾದಾಗ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಆ 30 ದಿನದಲ್ಲಿ ಸಾರಾಂಶ ತರಿಸಿ ಓದಿ. ಬೆಳವಣಿಗೆಯ ದರ ಒಂದೇ ಕೊಟ್ಟಿದ್ದರೆ, ಶೇಕಡ 3ಕ್ಕೂ ಏಳೂವರೆಗೂ ಇದೇ ಯೋಜನೆ ಏನಾಗುತ್ತದೆ ಎಂದು ಸಭೆಯಲ್ಲಿ ಎದ್ದು ಕೇಳಿ. ಎಣಿಕೆ ಯಾವ ತಿಂಗಳಲ್ಲಿ ನಡೆಯಿತು ಎಂದೂ ಕೇಳಿ. ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ.

ನಮಸ್ಕಾರ.