ಒಂದು ಗಂಟೆ, ಹಾಲ್ ತುಂಬ ಅಪರಿಚಿತರು: ಕನ್ವೆನ್ಷನ್‌ನಲ್ಲಿ ಇಂಪ್ರಾವ್ ಕಲಿಸೋದು ಹೇಗೆ?

[ದೃಶ್ಯ: ಹೋಟೆಲ್ ಹಾಲ್. ಸಾಲು ಸಾಲು ಕುರ್ಚಿ. ಸೂಪರ್‌ಹೀರೋ ವೇಷದ ಇಬ್ಬರು ಬಾಗಿಲಲ್ಲಿ ಇಣುಕುತ್ತಿದ್ದಾರೆ.]

ಅಮೆರಿಕದ ಅಟ್ಲಾಂಟಾದಲ್ಲಿ ಪ್ರತಿವರ್ಷ ಲೇಬರ್ ಡೇ ವಾರಾಂತ್ಯಕ್ಕೆ ಡ್ರ್ಯಾಗನ್ ಕಾನ್ ನಡೆಯುತ್ತದೆ. 1987ರಲ್ಲಿ ಶುರುವಾದ ಜಾತ್ರೆ ಇದು. ಸೈನ್ಸ್ ಫಿಕ್ಷನ್, ಕಾಮಿಕ್ಸ್, ಗೇಮಿಂಗ್ ಅಭಿಮಾನಿಗಳು ವೇಷ ಹಾಕಿಕೊಂಡು ದೊಡ್ಡ ದೊಡ್ಡ ಹೋಟೆಲ್‌ಗಳನ್ನು ತುಂಬಿಬಿಡುತ್ತಾರೆ. ಇಂಥ ಕನ್ವೆನ್ಷನ್ ಒಂದರಲ್ಲಿ ಇಂಪ್ರಾವ್ ಕಾಮಿಡಿ ವರ್ಕ್‌ಶಾಪ್ ನಡೆಸಿಕೊಡಿ ಅಂತ ನಿಮ್ಮನ್ನು ಕರೆದರು ಅಂದುಕೊಳ್ಳಿ. ಸ್ಕ್ರಿಪ್ಟ್ ಇಲ್ಲ, ರಿಹರ್ಸಲ್ ಇಲ್ಲ, ಆಗ ಹೊಳೆದದ್ದೇ ಮಾತು. ಸಿಗುವುದು ಒಂದು ಗಂಟೆ. ಬರುವವರಲ್ಲಿ ಹೆಚ್ಚಿನವರು ವೇದಿಕೆ ಹತ್ತಿದವರೇ ಅಲ್ಲ.

ಇದು ಕಷ್ಟದ ಕೆಲಸ ಅನಿಸುತ್ತೆ, ಅಲ್ವಾ? ಆದರೆ ಇಂಪ್ರಾವ್ ಕಲಿಸುವ ಆಟಗಳು ಹುಟ್ಟಿದ್ದೇ ಇಂಥ ಗುಂಪಿಗಾಗಿ.

[ದೃಶ್ಯ: ಹಳೆಯ ಶಿಕಾಗೋ, ಬೀದಿಯಲ್ಲಿ ಆಡುವ ಮಕ್ಕಳು]

ಈ ಆಟಗಳನ್ನು ಕಟ್ಟಿದ ರಂಗಶಿಕ್ಷಕಿ ವಯೋಲಾ ಸ್ಪೋಲಿನ್ 1920ರ ದಶಕದಲ್ಲಿ ಶಿಕಾಗೋದ ಹಲ್ ಹೌಸ್ ಎಂಬ ಸಮುದಾಯ ಕೇಂದ್ರದಲ್ಲಿ ನೆವಾ ಬಾಯ್ಡ್ ಎಂಬ ಶಿಕ್ಷಕಿಯ ಹತ್ತಿರ ಆಟದ ಮೂಲಕ ಕಲಿಸುವುದನ್ನು ಕಲಿತರು. ಆಮೇಲೆ ವಲಸಿಗರ ಮಕ್ಕಳ ಜೊತೆ ಕೆಲಸ ಮಾಡಿದರು. ಮನೆಮಾತು ಬೇರೆ ಬೇರೆ, ನಾಟಕದ ಗಂಧವಿಲ್ಲ. ಅವರಿಗೆ ನಟನೆಯ ಪಾಠ ಹೇಳುವ ಬದಲು ಸ್ಪೋಲಿನ್ ಆಟ ಕಟ್ಟಿದರು. ಅವರ ಮಗ ಪಾಲ್ ಸಿಲ್ಸ್ ಮುಂದೆ 1959ರಲ್ಲಿ ಗೆಳೆಯರ ಜೊತೆ ಶುರುಮಾಡಿದ ಸೆಕೆಂಡ್ ಸಿಟಿ ಎಂಬ ಕಾಮಿಡಿ ತಂಡ ಇದೇ ಆಟಗಳ ಮೇಲೆ ನಿಂತಿತು. ನಟರು ಬಂದದ್ದು ಆಮೇಲೆ. ಹಾಗಾಗಿ ನಟರ ತರಬೇತಿಯನ್ನು ಕನ್ವೆನ್ಷನ್ ಹಾಲ್‌ಗೆ ಹೊತ್ತುಕೊಂಡು ಹೋಗಬೇಡಿ.

ಮೊದಲ ಕೆಲಸ, ಕುರ್ಚಿಗಳನ್ನು ಗೋಡೆಗೆ ಸರಿಸೋದು. ಸಾಲಾಗಿ ಕೂತವರು ಪ್ರೇಕ್ಷಕರಾಗಿಬಿಡುತ್ತಾರೆ. ಸುಮ್ನೆ ನೋಡುತ್ತೇನೆ ಅನ್ನುವವರಿಗೆ ಒಂದು ಮೂಲೆ ಬಿಡಿ, ಎಳೆಯಬೇಡಿ. ಕೇಳದೆ ಯಾರೂ ಯಾರನ್ನೂ ಮುಟ್ಟುವಂತಿಲ್ಲ ಅಂತ ಮೊದಲೇ ಹೇಳಿ. ರಟ್ಟಿನ ರೆಕ್ಕೆ ಕಟ್ಟಿಕೊಂಡವರು ಇರುತ್ತಾರೆ, ಆದ್ದರಿಂದ ನೆಲದ ಮೇಲೆ ಉರುಳುವ ಆಟ ಬೇಡ.

ಆಮೇಲೆ ಚೆಂಡು. ಇಲ್ಲದ ಚೆಂಡು.

[ದೃಶ್ಯ: ವೃತ್ತದಲ್ಲಿ ನಿಂತವರು ಕಾಣದ ಚೆಂಡನ್ನು ಎಸೆದು ಹಿಡಿಯುತ್ತಿದ್ದಾರೆ.]

ಇದು ಸ್ಪೋಲಿನ್ ಆಟ, ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಎಲ್ಲರೂ ವೃತ್ತದಲ್ಲಿ ನಿಂತು ಚೆಂಡು ಎಸೆಯುತ್ತಾರೆ. ನೀವು ಹೊರಗಿನಿಂದ ಕೂಗುತ್ತಿರಿ: "ಚೆಂಡು ಈಗ ಭಾರ! ಈಗ ಬಲೂನಿನಷ್ಟು ಹಗುರ!" ಆಟ ನಿಲ್ಲಿಸದೆ ಹೀಗೆ ದಾರಿ ತೋರುವುದಕ್ಕೆ ಸೈಡ್ ಕೋಚಿಂಗ್ ಅಂತಾರೆ. ಸ್ವಲ್ಪ ಹೊತ್ತಿಗೆ ಭುಜ ಬಾಗುತ್ತೆ, ಮೊಣಕಾಲು ಮಡಿಯುತ್ತೆ. ಯಾರಿಗೂ 'ನಾನು ಹೇಗೆ ಕಾಣ್ತಿದೀನಿ' ಅನ್ನೋ ಯೋಚನೆ ಇರಲ್ಲ. ಗಮನವೆಲ್ಲ ಚೆಂಡಿನ ಮೇಲೆ ಹೋದಾಗ ಭಯಕ್ಕೆ ಜಾಗ ಸಿಗುವುದಿಲ್ಲ. ತಮಾಷೆ ಮಾಡಿ ಅಂತ ನೀವು ಒಮ್ಮೆಯೂ ಹೇಳಿಲ್ಲ, ಆದರೂ ಹಾಲ್ ನಗುತ್ತಿರುತ್ತೆ.

ಈಗ ಮಾತು. ಒಬ್ಬರು ಅಂತಾರೆ, "ಕ್ಯಾಪ್ಟನ್, ಹಡಗು ಮುಳುಗ್ತಿದೆ!" ಇನ್ನೊಬ್ಬರು "ಇದು ಹಡಗಲ್ಲ, ಬಸ್ಸು" ಅಂದರೆ ದೃಶ್ಯ ಅಲ್ಲೇ ಸತ್ತಿತು. "ಹೌದು, ಅದಕ್ಕೇ ಬೆಳಿಗ್ಗೆಯೇ ಈಜುಡುಗೆ ಹಾಕ್ಕೊಂಡೆ" ಅಂದರೆ ಮುಂದಕ್ಕೆ ಹೋಯಿತು. 'ಹೌದು, ಮತ್ತೆ' ಅನ್ನುವ ಈ ನಿಯಮವನ್ನು ಜಾಸ್ತಿ ವಿವರಿಸಬೇಡಿ. ಜೋಡಿ ಮಾಡಿ ಆಡಿಸಿ, ಎಲ್ಲರೂ ಒಟ್ಟಿಗೇ ಆಡಲಿ. ಆಗ ಯಾರೂ ಯಾರನ್ನೂ ನೋಡುತ್ತಿರುವುದಿಲ್ಲ.

ಜಾಣತನ ತೋರಿಸಲು ಒದ್ದಾಡುವವರು ಒಬ್ಬರಾದರೂ ಇರುತ್ತಾರೆ. ಅವರಿಗೆ ಇಂಪ್ರಾವ್‌ನ ಇನ್ನೊಬ್ಬ ಗುರು ಕೀತ್ ಜಾನ್‌ಸ್ಟನ್ ಅವರ ಮದ್ದು: ಸಹಜವಾಗಿ ಹೊಳೆದದ್ದನ್ನೇ ಹೇಳಿ. ಜಾನ್‌ಸ್ಟನ್ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರ್‌ನಲ್ಲಿದ್ದವರು, ಆಮೇಲೆ ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆಸಿದರು. ಒಂದು ಮೋಜು ಏನು ಗೊತ್ತಾ? 1968ರವರೆಗೆ ಬ್ರಿಟನ್‌ನಲ್ಲಿ ನಾಟಕದ ಮಾತನ್ನು ಮೊದಲೇ ಬರೆದುಕೊಟ್ಟು ಅರಮನೆಯ ಅಧಿಕಾರಿಯ ಒಪ್ಪಿಗೆ ಪಡೆಯಬೇಕಿತ್ತು. ಬರೆಯದ ಮಾತಿಗೆ ಒಪ್ಪಿಗೆ ಎಲ್ಲಿಂದ ಬರಬೇಕು?

'ನಮ್ಮ ತಾಳಮದ್ದಳೆ ಇದೇ ತಾನೇ?' ಅಂತ ನೀವು ಕೇಳಬಹುದು. ಅರ್ಥಧಾರಿ ಕೂತಲ್ಲೇ ಮಾತು ಕಟ್ಟುತ್ತಾರೆ, ನಿಜ. ಆದರೆ ಅದಕ್ಕೆ ಪುರಾಣ ಬಾಯಲ್ಲಿರಬೇಕು, ಎದುರಾಳಿಯ ವಾದ ಮುರಿಯುವ ಚುರುಕು ಬೇಕು. ಒಂದು ಗಂಟೆಯಲ್ಲಿ ಅದಾಗದು.

ಒಬ್ಬರು 'ಫ್ರೀಜ್' ಅಂತ ಕೂಗಿ ದೃಶ್ಯದೊಳಗೆ ನುಗ್ಗುವ ಆಟವನ್ನು ಮಾತ್ರ ನಾನು ಬಿಟ್ಟುಬಿಡಿ ಅಂತೀನಿ. ಧೈರ್ಯವಂತರು ಇಬ್ಬರು ಮೂವರು ಸೇರಿ ವೇದಿಕೆ ಹಿಡಿದುಬಿಡುತ್ತಾರೆ, ಉಳಿದವರು ಮತ್ತೆ ಗೋಡೆಗೆ ಒರಗುತ್ತಾರೆ. ಅದರ ಬದಲು ಒಬ್ಬೊಬ್ಬರು ಒಂದೊಂದೇ ಪದ ಸೇರಿಸಿ ಕತೆ ಕಟ್ಟಲಿ. 'ಮತ್ತು' ಅಂದವರಿಗೂ ಅಲ್ಲಿ ಪಾಲಿದೆ.

ಕೊನೆಯ ಹತ್ತು ನಿಮಿಷ ನಿಮ್ಮದಲ್ಲ ಅಂದುಕೊಂಡೇ ಆಟಗಳನ್ನು ಆರಿಸಿ. ಮುಂದಿನ ಕಾರ್ಯಕ್ರಮದವರು ಬಾಗಿಲಲ್ಲಿ ಬಂದು ನಿಂತಿರುತ್ತಾರೆ. ಕುರ್ಚಿಗಳನ್ನು ಎಲ್ಲರೂ ಸೇರಿ ವಾಪಸ್ ಇಡಿ. ಕಾರಿಡಾರ್‌ನಲ್ಲಿ ಕೆಲವರು ಹಿಂದೆಯೇ ಬಂದು "ನಮ್ಮೂರಲ್ಲಿ ಇದು ಎಲ್ಲಿ ನಡೆಯುತ್ತೆ?" ಅಂತ ಕೇಳುತ್ತಾರೆ. ಸುತ್ತಮುತ್ತಲ ತಂಡಗಳ ಹೆಸರು ಬರೆದ ಚೀಟಿ ಜೇಬಲ್ಲಿರಲಿ.