ಕಾರ್ಲೋಸ್ ರುಯಿಸ್ ಸಫೋನ್: ಹದಿಹರೆಯದವರ ಕಾದಂಬರಿಗಳಲ್ಲಿ ಬೆಳೆದ ಗಾಥಿಕ್

ಸಹೃದಯರೇ,

ಸ್ಪೇನಿನ ಕಾದಂಬರಿಕಾರ ಕಾರ್ಲೋಸ್ ರುಯಿಸ್ ಸಫೋನ್ ಎಂದೊಡನೆ ಬಹಳ ಮಂದಿಗೆ ನೆನಪಾಗುವುದು 2001ರಲ್ಲಿ ಪ್ರಕಟವಾದ ‘ಗಾಳಿಯ ನೆರಳು’. ಅದಕ್ಕೂ ಮೊದಲು ಹದಿಹರೆಯದವರಿಗಾಗಿ ಅವರು ಬರೆದ ನಾಲ್ಕು ಕಾದಂಬರಿಗಳನ್ನು, ಕೈ ಪಳಗಿಸಿಕೊಳ್ಳಲು ಬರೆದವೆಂಬಂತೆ, ಒಂದು ಸಾಲಿನಲ್ಲಿ ಮುಗಿಸಿಬಿಡುವುದುಂಟು. ನನಗೆ ಇದು ಒಪ್ಪಿಗೆಯಿಲ್ಲ. ಸಫೋನರ ಗಾಥಿಕ್, ಅಂದರೆ ಪಾಳು ಕಟ್ಟಡ, ರಹಸ್ಯ, ಭಯಗಳ ಸುತ್ತ ಹೆಣೆಯುವ ಕಥನಶೈಲಿ, ರೂಪುಗೊಂಡದ್ದೇ ಆ ಪುಸ್ತಕಗಳಲ್ಲಿ.

ಅವರು 1964ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದರು. ಓದಿದ್ದು ಸರಿಯಾ ಬಡಾವಣೆಯ ಜೆಸ್ಯೂಟ್ ಪಾದ್ರಿಗಳ ಶಾಲೆಯಲ್ಲಿ. ಸರ್ವಾಧಿಕಾರಿ ಫ್ರಾಂಕೋ 1975ರಲ್ಲಿ ಸತ್ತಾಗ ಅವರಿಗೆ 11 ವರ್ಷ. ಅಂದರೆ ಫ್ರಾಂಕೋನನ್ನು ಅಧಿಕಾರಕ್ಕೆ ತಂದ 1936–39ರ ಅಂತರ್ಯುದ್ಧದಲ್ಲಿ ಸೋತವರು ತಮ್ಮ ಕತೆಯನ್ನು ಬಹಿರಂಗವಾಗಿ ಹೇಳಿಕೊಳ್ಳುವಂತಿರದ ಊರಿನಲ್ಲಿ ಅವರ ಬಾಲ್ಯ ಕಳೆಯಿತು. ಕೆಲಕಾಲ ಜಾಹೀರಾತು ಕ್ಷೇತ್ರದಲ್ಲಿ ದುಡಿದು, 1993ರಲ್ಲಿ ಮೊದಲ ಕಾದಂಬರಿ ‘ಮಂಜಿನ ರಾಜಕುಮಾರ’ವನ್ನು ಪ್ರಕಟಿಸಿದರು. ಅದಕ್ಕೆ ಸ್ಪೇನಿನ ಮಕ್ಕಳ ಮತ್ತು ಹದಿಹರೆಯದವರ ಸಾಹಿತ್ಯಕ್ಕೆ ಕೊಡುವ ಎದೆಬೇ ಪ್ರಶಸ್ತಿ ಬಂತು. ಮುಂದೆ ಲಾಸ್ ಏಂಜಲಿಸ್‌ಗೆ ಹೋಗಿ ಚಿತ್ರಕಥೆ ಬರೆಯತೊಡಗಿದರು.

ಎರಡನೆಯ ಕಾದಂಬರಿ ‘ನಡುರಾತ್ರಿಯ ಅರಮನೆ’ ನಡೆಯುವುದು ನಮ್ಮ ಕಲ್ಕತ್ತೆಯಲ್ಲಿ, 1932ರಲ್ಲಿ. ಅನಾಥಾಲಯದ ಮಕ್ಕಳು, ಸುಟ್ಟು ಪಾಳುಬಿದ್ದ ರೈಲು ನಿಲ್ದಾಣ, ಬೆಂಕಿಯುಗುಳುತ್ತ ಬರುವ ರೈಲು ಎಲ್ಲವೂ ಅಲ್ಲಿವೆ. ಬಂಗಾಳಿ ಓದುಗರು ಅದರಲ್ಲಿ ತಮ್ಮ ಊರನ್ನು ಹುಡುಕಿದರೆ ನಿರಾಶರಾದಾರು. ನನಗಂತೂ ಅದು ಕಲ್ಕತ್ತೆಯ ವೇಷ ತೊಟ್ಟ ಬಾರ್ಸಿಲೋನಾದಂತೆಯೇ ಕಂಡಿತು.

ಆ ವೇಷ ಕಳಚಿದ್ದು 1999ರ ‘ಮರೀನಾ’ದಲ್ಲಿ. ಸರಿಯಾ ಬಡಾವಣೆಯ ವಸತಿಶಾಲೆಯ ಹುಡುಗ ಆಸ್ಕರ್, ಗೆಳತಿ ಮರೀನಾಳೊಂದಿಗೆ ಸ್ಮಶಾನದಲ್ಲಿ ಅಡಗಿ ಕೂತು, ಕಪ್ಪುಡುಗೆಯ ಹೆಂಗಸೊಬ್ಬಳು ಹೆಸರಿಲ್ಲದ ಸಮಾಧಿಯ ಮೇಲೆ ಕೆಂಪು ಗುಲಾಬಿಯಿಡುವುದನ್ನು ನೋಡುತ್ತಾನೆ. ಆ ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿದ ಕಪ್ಪು ಚಿಟ್ಟೆಯ ಕೆತ್ತನೆ ಮಾತ್ರ ಇದೆ. ಜಾಡು ಹಿಡಿದು ಹೋದವರಿಗೆ ಎದುರಾಗುವುದು ಕೃತಕ ಕೈಕಾಲುಗಳನ್ನು ತಯಾರಿಸುತ್ತಿದ್ದ, ಸಾವನ್ನೇ ಸೋಲಿಸಹೊರಟ ಕೋಲ್ವೆನಿಕ್‌ನ ಕತೆ. ಇಂಗ್ಲಿಷ್ ಗಾಥಿಕ್ ಪರಂಪರೆಯಲ್ಲಿ ಭಯಕ್ಕೆ ಮನೆಯಾಗಿದ್ದು ಒಂಟಿ ಕೋಟೆ ಅಥವಾ ಬಂಗಲೆ. ಸಫೋನರಲ್ಲಿ ಟ್ರಾಮಿನಲ್ಲಿ ಹೋಗಿ ತಲುಪಬಹುದಾದ ಇಡೀ ನಗರವೇ ಆ ಮನೆಯಾಗುತ್ತದೆ.

‘ಗಾಳಿಯ ನೆರಳು’ ಇದನ್ನೇ ಇತಿಹಾಸಕ್ಕೆ ಕೊಂಡೊಯ್ಯುತ್ತದೆ. 1945ರಲ್ಲಿ, ಇನ್ನೂ 11 ತುಂಬದ ಡೇನಿಯಲ್‌ನನ್ನು ಪುಸ್ತಕದಂಗಡಿಯ ತಂದೆ ‘ಮರೆತ ಪುಸ್ತಕಗಳ ಸ್ಮಶಾನ’ ಎಂಬ ಗುಪ್ತ ಗ್ರಂಥಾಲಯಕ್ಕೆ ಕರೆದೊಯ್ಯುವಲ್ಲಿಂದ ಕತೆ ತೊಡಗುತ್ತದೆ. ಮುಖ ಸುಟ್ಟ ಮನುಷ್ಯನೊಬ್ಬ ಹುಲಿಯಾನ್ ಕರಾಕ್ಸ್ ಎಂಬ ಲೇಖಕನ ಪುಸ್ತಕಗಳನ್ನು ಹುಡುಕಿ ಹುಡುಕಿ ಸುಡುತ್ತಿದ್ದಾನೆ. ಆದರೆ ಓದುಗ ನಿಜವಾಗಿ ಹೆದರುವುದು ಫುಮೇರೋ ಎಂಬ ಪೊಲೀಸ್ ಇನ್‌ಸ್ಪೆಕ್ಟರಿಗೆ, ಬಾರ್ಸಿಲೋನಾದ ಮೊಂಜುಯಿಕ್ ಕೋಟೆಯ ಸೆರೆಮನೆಗೆ. ದೆವ್ವದ ಜಾಗಕ್ಕೆ ಪ್ರಭುತ್ವ ಬಂದು ಕೂತಿದೆ. ಅದನ್ನು ಹುಡುಗನ ಕಣ್ಣಿನಿಂದ ತೋರಿಸುವ ಕಲೆ ಹಿಂದಿನ ನಾಲ್ಕು ಪುಸ್ತಕಗಳ ಗಳಿಕೆ.

ಇದರ ಜೊತೆಗೆ ಇನ್ನೂ ಮೂರು ಕಾದಂಬರಿಗಳು ಸೇರಿ 2016ರಲ್ಲಿ ‘ಮರೆತ ಪುಸ್ತಕಗಳ ಸ್ಮಶಾನ’ದ ಮಾಲೆ ಮುಗಿಯಿತು. 2020ರ ಜೂನ್ 19ರಂದು, 55ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ಅವರು ಲಾಸ್ ಏಂಜಲಿಸ್‌ನಲ್ಲಿ ತೀರಿಕೊಂಡರು. ಚಿತ್ರಕಥೆ ಬರೆದು ಬದುಕಿದವರೇ ಆದರೂ, ‘ಗಾಳಿಯ ನೆರಳ’ನ್ನು ಸಿನಿಮಾ ಮಾಡಲು ಮಾತ್ರ ಅವರು ಕೊನೆಯವರೆಗೂ ಒಪ್ಪಲಿಲ್ಲ.