ಸೌದೆ ಸೀಳುವುದು ಒಣಗಲೆಂದು

ಎಲ್ಲರಿಗೂ ನಮಸ್ಕಾರ.

ಮನೆಯ ಒಲೆಗೆ ತಾವೇ ಸೌದೆ ಹೊಂದಿಸಿಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಕೊಡಲಿ ಕೊಳ್ಳಬೇಕು ಎಂದು. ಆ ಪ್ರಶ್ನೆಗೂ ಬರೋಣ. ಅದಕ್ಕೆ ಮುಂಚೆ ಒಂದು ಮಾತು ಮನಸ್ಸಿಗೆ ಹೋಗಬೇಕು. ಸೌದೆ ಸೀಳುವುದು ಒಲೆಯ ಬಾಯಿಗೆ ಹಿಡಿಸಲಿ ಎಂದಷ್ಟೇ ಅಲ್ಲ, ಬೇಗ ಒಣಗಲಿ ಎಂದು. ಇದು ಹೊಳೆದರೆ ಎಷ್ಟು ಉದ್ದಕ್ಕೆ ಕತ್ತರಿಸಬೇಕು, ಎಷ್ಟು ದಪ್ಪಕ್ಕೆ ಸೀಳಬೇಕು, ಯಾವಾಗ ಸೀಳಬೇಕು, ಎಲ್ಲಿ ಒಟ್ಟಬೇಕು ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ.

ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ನೀರೇ ಇರುತ್ತದೆ. ಒಂದು ಕಿಲೋ ಹಸಿ ಸೌದೆ ಎಂದರೆ ಅರ್ಧ ಕಿಲೋ ಕಟ್ಟಿಗೆ, ಅರ್ಧ ಕಿಲೋ ನೀರು. ಅಷ್ಟು ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 1.3 ಮೆಗಾಜೂಲ್ ಶಾಖ ಬೇಕು. ಉಳಿದ ಅರ್ಧ ಕಿಲೋ ಕಟ್ಟಿಗೆಯಲ್ಲಿರುವುದು ಸುಮಾರು 9 ಮೆಗಾಜೂಲ್. ಲೆಕ್ಕ ನೋಡಿದರೆ ಹೋಗುವುದು ಏಳರಲ್ಲಿ ಒಂದು ಪಾಲು ಮಾತ್ರ, ಹಸಿ ಸೌದೆಯನ್ನೇ ಉರಿಸಿದರೇನು ಎನ್ನಿಸಬಹುದು. ನಿಜವಾದ ನಷ್ಟ ಈ ಲೆಕ್ಕದಲ್ಲಿ ಕಾಣುವುದಿಲ್ಲ. ನಾವು ಕಾಣುವ ಜ್ವಾಲೆ ಕಟ್ಟಿಗೆಯದ್ದಲ್ಲ, ಬಿಸಿಯಾದ ಕಟ್ಟಿಗೆ ಹೊರಬಿಡುವ ಅನಿಲದ್ದು. ಸೌದೆಯ ಶಾಖದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಬರುವುದು ಆ ಅನಿಲದಿಂದಲೇ. ಅದು ಚೊಕ್ಕವಾಗಿ ಉರಿಯಬೇಕಾದರೆ ಒಲೆಯೊಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ಒಳಗೆ ನೀರು ಕುದಿಯುತ್ತಿರುವ ಭಾಗ 100 ಡಿಗ್ರಿಯ ಹತ್ತಿರವೇ ನಿಂತುಬಿಡುತ್ತದೆ, ಜೊತೆಗೆ ಇಡೀ ಒಲೆಯನ್ನೂ ತಣಿಸುತ್ತದೆ. ಆಗ ಅನಿಲ ಉರಿಯದೆ ಹೊಗೆಯಾಗಿ ಹೊರಟುಹೋಗುತ್ತದೆ. ಹೋಗುವಾಗ ಹೊಗೆಕೊಳವೆಯ ಒಳಗೋಡೆಗೆ ತಗುಲಿ, ತಣಿದು, ಟಾರಿನಂಥ ಕರಿ ಜಿಗುಟಾಗಿ ಕೂರುತ್ತದೆ. ಆ ಪದರಕ್ಕೆ ಒಮ್ಮೆ ಬೆಂಕಿ ಹತ್ತಿದರೆ ಕೊಳವೆಯೇ ಧಗಧಗ ಉರಿಯುತ್ತದೆ, ಮಾಡಿಗೂ ತಾಗಬಹುದು. ಅದಕ್ಕೇ ತೂಕದಲ್ಲಿ ನೀರಿನ ಪಾಲು ನೂರಕ್ಕೆ 20ಕ್ಕಿಂತ ಕೆಳಗೆ ಇಳಿದ ಮೇಲೆಯೇ ಸೌದೆ ಒಲೆಗೆ ಹೋಗಬೇಕು.

ನೀರು ಹೊರಗೆ ಹೋಗುವುದು ಹೇಗೆ? ಮರ ಎಂದರೆ ಉದ್ದುದ್ದ ಸಣ್ಣ ಕೊಳವೆಗಳ ಕಟ್ಟು. ಎಳೆಯ ಉದ್ದಕ್ಕೆ ನೀರು ಸರಿಯುವ ವೇಗ ಅಡ್ಡಕ್ಕೆ ಸರಿಯುವುದಕ್ಕಿಂತ 10ರಿಂದ 15 ಪಟ್ಟು ಹೆಚ್ಚು. ತೊಗಟೆಯಂತೂ ನೀರನ್ನು ಹಿಡಿದಿಡಲೆಂದೇ ಇರುವ ಹೊದಿಕೆ. ಹಾಗಾಗಿ ಮೊದಲು ಗಿಡ್ಡಗೆ ಕತ್ತರಿಸಬೇಕು, ಆಮೇಲೆ ಸೀಳಿ ಒಳಮೈಯನ್ನು ಗಾಳಿಗೆ ಒಡ್ಡಬೇಕು. ತೊಗಟೆ ಸಮೇತ ದುಂಡಗೆ ಬಿಟ್ಟ ದಿಮ್ಮಿ ವರ್ಷ ಕಳೆದರೂ ಒಳಗೆ ಹಸಿಯಾಗಿಯೇ ಉಳಿದು, ಒಣಗುವ ಮೊದಲೇ ಲಡ್ಡಾಗುವುದುಂಟು. ಉರಿಸುವ ಹಿಂದಿನ ದಿನ ಸೀಳಿಕೊಂಡರಾಯಿತು ಎಂದು ದಿಮ್ಮಿಗಳನ್ನು ಹಾಗೇ ಪೇರಿಸಿಡುವುದು ಹೊಸಬರು ಮಾಡುವ ಅತಿ ದೊಡ್ಡ ತಪ್ಪು.

ಇನ್ನು ಕೂಡಿಹಾಕುವ ವಿಚಾರ. ನಿಂತ ಮರ ಉರುಳಿಸುವುದು ಬೇರೆಯೇ ವಿದ್ಯೆ, ಕಲಿತವರ ಜೊತೆಯಲ್ಲಿದ್ದು ಕಲಿಯಬೇಕಾದ್ದು. ಶುರುಮಾಡುವವರಿಗೆ ಬಿದ್ದ ಕೊಂಬೆಗಳು ಮತ್ತು ಬೇರೆಯವರು ಕಡಿದು ಬಿಟ್ಟ ದಿಮ್ಮಿಗಳು ಸಾಕು. ಯಾರ ನೆಲವೋ ಅವರ ಒಪ್ಪಿಗೆ ಮೊದಲು. ಒಣಗಿ ನಿಂತ ಮರದ ಕೆಳಗೆ ಕೆಲಸ ಮಾಡಬೇಡಿ, ಮೇಲಿನ ಸತ್ತ ರೆಂಬೆ ಸದ್ದಿಲ್ಲದೆ ಕಳಚಿ ಬೀಳುತ್ತದೆ. ನೆಲಕ್ಕೆ ಅಂಟಿ ಮಲಗಿದ ಕೊಂಬೆಗಿಂತ ಇನ್ನೊಂದರ ಮೇಲೆ ಒರಗಿ ಗಾಳಿಯಲ್ಲಿ ನಿಂತದ್ದು ಮೇಲು. ಉಗುರು ಒತ್ತಿದರೆ ಒಳಗೆ ಇಳಿಯುವಂಥದ್ದು ಕೊಳೆತದ್ದು, ಅದನ್ನು ಹುಳುಹುಪ್ಪಟೆಗೆ ಬಿಟ್ಟುಬಿಡಿ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಹುಳು ಹಿಡಿಯದಂತೆ ರಾಸಾಯನಿಕ ಕುಡಿಸಿದ ಮರ ಇವು ಯಾವುವೂ ಒಲೆಗೆ ಸಲ್ಲವು. ಹಳೆಯ ಬಗೆಯ ರಾಸಾಯನಿಕದಲ್ಲಿ ಆರ್ಸೆನಿಕ್ ಇರುತ್ತದೆ, ಅದು ಹೊಗೆಗೂ ಬರುತ್ತದೆ, ಬೂದಿಯಲ್ಲೂ ಉಳಿಯುತ್ತದೆ. ಕಣಗಿಲೆಯ ಕಡ್ಡಿಯೂ ಬೇಡ, ಅದರ ಹೊಗೆಯೇ ವಿಷ. ಸಮುದ್ರ ದಡಕ್ಕೆ ತೇಲಿಬಂದ ಕಟ್ಟಿಗೆಯ ಉಪ್ಪು ಕಬ್ಬಿಣದ ಒಲೆಯನ್ನು ತಿಂದುಹಾಕುತ್ತದೆ.

ಕೊಯ್ಯುವಾಗ ಗರಗಸ ಸಿಕ್ಕಿಹಾಕಿಕೊಳ್ಳುವುದು ಎಲ್ಲರಿಗೂ ಆಗುವ ಪಾಡು. ಕಾರಣ ಸರಳ. ದಿಮ್ಮಿಯ ಎರಡು ತುದಿಗಳಿಗೂ ಆಸರೆ ಇದ್ದು ನಡು ಜೋತಿದ್ದರೆ ಮೇಲ್ಮೈ ಒತ್ತಿಕೊಂಡಿರುತ್ತದೆ, ಕೆಳಮೈ ಎಳೆದುಕೊಂಡಿರುತ್ತದೆ. ಮೇಲಿನಿಂದಲೇ ಕೊಯ್ಯುತ್ತ ಹೋದರೆ ಸೀಳಿಕೆ ಮುಚ್ಚಿಕೊಂಡು ಅಲಗನ್ನು ಕಚ್ಚುತ್ತದೆ. ಒಂದೇ ತುದಿಗೆ ಆಸರೆ ಇದ್ದರೆ ಇದು ತಿರುಗುಮುರುಗು. ಎರಡಕ್ಕೂ ಒಂದೇ ಕ್ರಮ: ಒತ್ತಿಕೊಂಡ ಕಡೆ ದಪ್ಪದ ಮೂರನೇ ಒಂದರಷ್ಟು ಮೊದಲು ಕೊಯ್ದು, ಉಳಿದದ್ದನ್ನು ಎಳೆದುಕೊಂಡ ಕಡೆಯಿಂದ ಮುಗಿಸಿ. ಬಿಲ್ಲಿನಂತೆ ಬಾಗಿ ಸಿಕ್ಕಿಕೊಂಡ ರೆಂಬೆಯ ಎದುರು ಮಾತ್ರ ನಿಲ್ಲಬೇಡಿ, ಬಿಡುಗಡೆಯಾದಾಗ ಅದು ಹೊಡೆಯುವ ಹೊಡೆತಕ್ಕೆ ಮೂಳೆ ಮುರಿಯುತ್ತದೆ. ತುಂಡಿನ ಉದ್ದ ಒಲೆಯ ಒಳಗಿನ ಉದ್ದಕ್ಕಿಂತ 5ರಿಂದ 8 ಸೆಂಟಿಮೀಟರ್ ಕಡಿಮೆ ಇರಲಿ. ಅಳತೆಗೆ ಒಂದು ಕೋಲು ಕತ್ತರಿಸಿಟ್ಟುಕೊಂಡು ಪ್ರತಿ ಸಲವೂ ಅದನ್ನೇ ಹಿಡಿಯಿರಿ.

ಈಗ ಕೊಡಲಿ. ಮರ ಕಡಿಯುವ ಕೊಡಲಿಯ ಬಾಯಿ ತೆಳು. ಎಳೆಯನ್ನು ಅಡ್ಡಕ್ಕೆ ಕತ್ತರಿಸಲು ಅದು ಸರಿ, ಸೀಳಲು ಹೋದರೆ ಕಟ್ಟಿಗೆಯಲ್ಲಿ ಹೂತು ಕೂರುತ್ತದೆ. ಸೀಳುವ ಕೊಡಲಿ ಬೆಣೆಯಂತಿದ್ದು ಬಾಯಿಯ ಹಿಂದೆ ಬೇಗ ದಪ್ಪವಾಗುತ್ತ ಹೋಗುತ್ತದೆ, ಎಳೆಗಳನ್ನು ದೂಡಿ ಬೇರೆ ಮಾಡುತ್ತದೆ. ತಲೆಯ ತೂಕ 2ರಿಂದ 3 ಕಿಲೋ, ಕಾವು 80ರಿಂದ 90 ಸೆಂಟಿಮೀಟರ್ ಇದ್ದರೆ ಹೊಸಬರಿಗೆ ಒಗ್ಗುತ್ತದೆ. ಇನ್ನೂ ಭಾರದ್ದನ್ನು ಎತ್ತಿ ಸುಸ್ತಾಗುವುದಕ್ಕಿಂತ ಹಗುರವಾದದ್ದನ್ನು ವೇಗವಾಗಿ ಇಳಿಸುವುದೇ ಮೇಲು, ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ತಲೆ ಕಾವಿನ ಮೇಲೆ ಅಲ್ಲಾಡುತ್ತಿದ್ದರೆ ಆ ದಿನ ಕೆಲಸ ಬೇಡ.

ನೆಲದ ಮೇಲಿಟ್ಟು ಸೀಳಬೇಡಿ. ಮಣ್ಣು ಹೊಡೆತವನ್ನು ನುಂಗುತ್ತದೆ, ಕಲ್ಲು ಬಾಯಿಯನ್ನು ಮುರಿಯುತ್ತದೆ. ಕೆಳಗೆ 30ರಿಂದ 40 ಸೆಂಟಿಮೀಟರ್ ಎತ್ತರದ ಅಗಲವಾದ ಕೊರಡು ಇರಲಿ. ತುಂಡನ್ನು ಕೊರಡಿನ ಆಚೆ ಅಂಚಿನ ಕಡೆಗೆ ನಿಲ್ಲಿಸಿ, ಗುರಿ ತಪ್ಪಿದರೂ ಕೊಡಲಿ ಕೊರಡಿಗೆ ನೆಡುತ್ತದೆ, ನಿಮ್ಮ ಕಾಲಿಗೆ ಬರುವುದಿಲ್ಲ. ಕಾಲುಗಳನ್ನು ಭುಜದಗಲಕ್ಕೆ ಇಟ್ಟು ನಿಲ್ಲಿ. ಕೊಡಲಿ ಇಳಿಯುವಾಗ ಮಂಡಿ ಬಾಗಿಸಿ. ಬಾಗಿಸದಿದ್ದರೆ ಅದು ಕಮಾನಿನಂತೆ ತಿರುಗಿ ಮೊಣಕಾಲಿನ ಕಡೆಗೇ ಬರುತ್ತದೆ. ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು ಬೇಕೇಬೇಕು. ಸುತ್ತ ಎರಡು ಕೊಡಲಿಯಷ್ಟು ಉದ್ದದ ದೂರದೊಳಗೆ ಮಕ್ಕಳು ಸುಳಿಯದಂತೆ ನೋಡಿಕೊಳ್ಳಿ.

ಹೊಡೆಯುವ ಮುನ್ನ ತುಂಡನ್ನು ಓದಬೇಕು. ಕೊಯ್ದ ಮುಖದಲ್ಲಿ ಆಗಲೇ ಬಿರುಕು ಮೂಡಿದ್ದರೆ ಆ ಗೆರೆಯ ಮೇಲೇ ಹೊಡೆಯಿರಿ. ಗಂಟಿದ್ದ ಕಡೆ ಎಳೆಗಳು ಹೆಣೆದುಕೊಂಡಿರುತ್ತವೆ, ಅದರ ನಡುವೆ ಸೀಳಲು ಹೋಗದೆ ಪಕ್ಕದಿಂದ ಬಿಡಿಸಿ, ಗಂಟಿನ ತುದಿ ಕೆಳಗೆ ಬರುವಂತೆ ನಿಲ್ಲಿಸಿ. 30 ಸೆಂಟಿಮೀಟರ್‌ಗಿಂತ ದಪ್ಪದ ತುಂಡನ್ನು ನಟ್ಟನಡುವೆ ಹೊಡೆದು ಬೆವರಿಳಿಸಬೇಡಿ, ಅಂಚಿನಿಂದ ಒಂದೊಂದೇ ಹೋಳು ತೆಗೆಯುತ್ತ ಸುತ್ತ ಬನ್ನಿ, ಕೊನೆಗೆ ಚೇಗು ಉಳಿಯುತ್ತದೆ. ಹಳೆಯ ಟೈರೊಂದನ್ನು ಕೊರಡಿನ ಮೇಲೆ ಕೂರಿಸಿ ಅದರೊಳಗೆ ತುಂಡು ನಿಲ್ಲಿಸಿದರೆ ಸೀಳುಗಳು ಚೆದುರುವುದಿಲ್ಲ, ಪ್ರತಿ ಹೊಡೆತಕ್ಕೂ ಬಗ್ಗಿ ಎತ್ತುವ ಕಷ್ಟ ತಪ್ಪುತ್ತದೆ. ಹಟ ಹಿಡಿದ ತುಂಡಿಗೆ ಕಬ್ಬಿಣದ ಬೆಣೆ ಮತ್ತು ದೊಡ್ಡ ಸುತ್ತಿಗೆ ಬೇಕು. ಹೊಡೆತ ತಿಂದು ಬೆಣೆಯ ತಲೆ ಅಣಬೆಯಂತೆ ಅರಳಿದರೆ ಆ ಅಂಚನ್ನು ಉಜ್ಜಿ ತೆಗೆಯಿರಿ. ಅದರ ಚೂರು ಸಿಡಿದರೆ ಗುಂಡಿನಂತೆ ಹಾರುತ್ತದೆ. ಸಾಮಾನ್ಯವಾಗಿ ಹಸಿಯಿದ್ದಾಗಲೇ ಮರ ಸುಲಭವಾಗಿ ಸೀಳುತ್ತದೆ, ಗಟ್ಟಿ ಮರವಂತೂ ಒಣಗಿದ ಮೇಲೆ ಕಲ್ಲಾಗುತ್ತದೆ. ಬೇಗ ಸೀಳಲು ಇದು ಇನ್ನೊಂದು ಕಾರಣ.

ಕಬ್ಬಿಣದ ಒಲೆಗೆ 8ರಿಂದ 15 ಸೆಂಟಿಮೀಟರ್ ದಪ್ಪ ಸಾಕು, ಅಡುಗೆಯ ಒಲೆಗೆ 3ರಿಂದ 5. ಉರಿ ಹಚ್ಚಲು ಬೆರಳು ದಪ್ಪದ ಪುಳ್ಳೆಯೂ ಧಾರಾಳವಾಗಿ ಬೇಕು. ಅದನ್ನು ಸೀಳುವಾಗ ಒಂದು ಕೈಯಲ್ಲಿ ಕಡ್ಡಿ ಹಿಡಿದು ಇನ್ನೊಂದರಲ್ಲಿ ಬೀಸುವುದೇ ಬೆರಳು ಕಳೆದುಕೊಳ್ಳುವ ದಾರಿ. ಕೈಗೊಡಲಿಯ ಬಾಯನ್ನು ಕಡ್ಡಿಯ ತುದಿಗೆ ಕಚ್ಚಿಸಿ, ಎರಡನ್ನೂ ಒಟ್ಟಿಗೆ ಎತ್ತಿ ಕೊರಡಿಗೆ ಕುಟ್ಟಿ.

ಸೀಳಿದ್ದನ್ನು ನೆಲದಿಂದ 10ರಿಂದ 15 ಸೆಂಟಿಮೀಟರ್ ಎತ್ತರದಲ್ಲಿ, ಎರಡು ಉದ್ದ ಗಳುಗಳ ಮೇಲೆ ಒಟ್ಟಿ. ಗೆದ್ದಲೂ ತೇವವೂ ಕೆಳಗಿನಿಂದಲೇ ಹತ್ತುವುದು. ಒಂದೇ ಸಾಲು, ಎದೆಯೆತ್ತರಕ್ಕಿಂತ ಕಡಿಮೆ, ಗೋಡೆಯಿಂದ ಒಂದು ಗೇಣು ದೂರ. ಎರಡು ಕೊನೆಗಳಲ್ಲಿ ಸೌದೆಯನ್ನು ಅಡ್ಡಡ್ಡ ಹೆಣೆದರೆ ಸಾಲು ಜಾರುವುದಿಲ್ಲ. ಮೇಲ್ಭಾಗಕ್ಕೆ ಮಾತ್ರ ತಗಡು ಅಥವಾ ಟಾರ್ಪಾಲು ಹೊದಿಸಿ, ಪಕ್ಕಗಳನ್ನು ಗಾಳಿಗೆ ಬಿಡಿ. ಪೂರ್ತಿ ಮುಚ್ಚಿದರೆ ಆವಿ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಬೆಚ್ಚನೆಯ ಪ್ರದೇಶದಲ್ಲಿ ಸಾಲಿನೊಳಗೆ ಹಾವು ಚೇಳು ಸೇರಿಕೊಳ್ಳುತ್ತವೆ, ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ. ಮೆದು ಮರಕ್ಕೆ ಸುಮಾರು ಆರು ತಿಂಗಳು, ಗಟ್ಟಿ ಮರಕ್ಕೆ ಒಂದರಿಂದ ಎರಡು ವರ್ಷ ಬೇಕಾಗುತ್ತದೆ. ಆದ್ದರಿಂದ ಈ ವರ್ಷ ಸೀಳುವುದು ಮುಂದಿನ ವರ್ಷದ ಸೌದೆ.

ಒಣಗಿದೆಯೇ ಎಂದು ತಿಳಿಯಲು ಎರಡು ಸೀಳುಗಳನ್ನು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದ್ದು ದಪ್ಪಗೆ ಸದ್ದು ಮಾಡುತ್ತದೆ. ತೇವ ಅಳೆಯುವ ಮಾಪಕವಿದ್ದರೆ ಒಂದು ತುಂಡನ್ನು ಹೊಸದಾಗಿ ಸೀಳಿ ಒಳಮೈಗೆ ಚುಚ್ಚಿ, ಹೊರಮೈ ಯಾವಾಗಲೂ ಒಣಗಿದಂತೆಯೇ ತೋರುತ್ತದೆ. ಮಾಪಕಗಳು ಸಾಮಾನ್ಯವಾಗಿ ನೀರನ್ನು ಒಣ ಕಟ್ಟಿಗೆಯ ತೂಕಕ್ಕೆ ಹೋಲಿಸಿ ತೋರಿಸುತ್ತವೆ. ಒಂದು ಕಿಲೋ ಸೌದೆಯಲ್ಲಿ 200 ಗ್ರಾಂ ನೀರಿದ್ದರೆ ಅಲ್ಲಿ ಕಾಣುವುದು 20 ಅಲ್ಲ, 25. ಮಾಪಕವಿಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ಸಾಲಿನ ನಡುವಿನ ಮೂರು ನಾಲ್ಕು ಸೀಳುಗಳಿಗೆ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ತೂಗಿ, ತೂಕವನ್ನು ಸೀಳಿನ ಮೇಲೇ ಸೀಮೆಸುಣ್ಣದಲ್ಲಿ ಬರೆಯಿರಿ. ಮಳೆಯಿಲ್ಲದ ದಿನಗಳಲ್ಲಿ ಸತತ ಎರಡು ಮೂರು ಸಲ ತೂಕ ಇಳಿಯದೆ ನಿಂತರೆ, ಆ ಸಾಲಿನಿಂದ ಒಲೆಗೆ ತೆಗೆಯಬಹುದು.